ಹಳೇ ಎಸ್ಟೀಮ್: ಮುಟ್ಟಿದರೆ ಕಪ್ಲರ್ ಮುರಿಯುತ್ತೆ, ಗಾಡಿ ಜರ್ಕ್ ಹೊಡೆಯುತ್ತೆ. ವೈರಿಂಗ್ ಪೂರ್ತಿ ಬದಲಿಸಬೇಕಾ?

ಹಾಸನದ ಎಸ್ಟೀಮ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2001ರ ಮಾರುತಿ ಎಸ್ಟೀಮ್ ಇದೆ. 1.3 ಲೀಟರ್, 16 ವಾಲ್ವ್, ಎಂಪಿಎಫ್‌ಐ, ಅಂದರೆ ಪೆಟ್ರೋಲನ್ನು ಇಂಜೆಕ್ಟರ್‌ಗಳು ಚಿಮ್ಮಿಸುವ ಇಂಜಿನ್. ಅಪ್ಪ ಆಸೆಪಟ್ಟು ತೆಗೆದುಕೊಂಡ ಗಾಡಿ. ಮಾರುವ ಮಾತೇ ಇಲ್ಲ.

ತೊಂದರೆ ಏನಂದ್ರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಚೆನ್ನಾಗಿಯೇ ಓಡುತ್ತೆ. ಇಂಜಿನ್ ಬಿಸಿಯಾದ ಮೇಲೆ ಪಿಕಪ್ ಹೋಗುತ್ತೆ, ಪೆಟ್ರೋಲ್ ವಾಸನೆ ಬರುತ್ತೆ. ಹಳ್ಳದಲ್ಲಿ ಇಳಿದು ಹತ್ತಿದರೆ ಒಂದೊಂದು ಸಲ ಮಿಸ್ಸಿಂಗ್, ಇಂಜಿನ್ ತಡೆದು ತಡೆದು ಓಡುತ್ತೆ. ಮೈಲೇಜ್ ತುಂಬಾ ಬಿದ್ದಿದೆ. ಪ್ಲಗ್ ತೆಗೆದು ನೋಡಿದರೆ ನಾಲ್ಕೂ ಮಸಿ ಹಿಡಿದಿವೆ. ಒಂದು ಗ್ಯಾರೇಜಿನಲ್ಲಿ ಹೊಸ ಪ್ಲಗ್, ಪ್ಲಗ್ ವೈರ್ ಹಾಕಿದರು. ಏನೂ ಬದಲಾಗಲಿಲ್ಲ. ಈಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅಂತಿದ್ದಾರೆ.

ನಾನೇ ಬಾನೆಟ್ ಎತ್ತಿ ನೋಡಿದೆ. ಇಂಜೆಕ್ಟರ್ ಕಪ್ಲರ್‌ಗಳ (ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಜೋಡಕ) ಲಾಕ್ ಮುರಿದಿದೆ. ಇಂಜಿನ್ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಕಪ್ಲರನ್ನು ಮುಟ್ಟಿದ ಕೂಡಲೇ ಒಂದು ಚೂರು ಹಪ್ಪಳದ ಹಾಗೆ ಉದುರಿತು. ಮೊದಲು ಯಾರೋ ಟೇಪ್ ಸುತ್ತಿ ಬಿಟ್ಟಿದ್ದಾರೆ. ಪೂರ್ತಿ ಹಾರ್ನೆಸ್ (ವೈರ್‌ಗಳ ಕಟ್ಟು) ಬದಲಿಸೋದೇ ದಾರಿಯಾ?

ಜೆನ್ ಸವಾರ:

ನನ್ನ ಜೆನ್‌ದೂ ಇದೇ ಕಥೆ ಸರ್. ಸ್ಕ್ರ್ಯಾಪ್‌ನಲ್ಲಿ ಹಾರ್ನೆಸ್ ಸಿಗುತ್ತೆ. ತಂದು ಹಾಕಿಬಿಡಿ, ತಲೆನೋವು ಮುಗಿಯುತ್ತೆ.

ತಾಮ್ರದ ತಂತಿ:

ಬೇಡ ಸರ್. ಸ್ಕ್ರ್ಯಾಪ್‌ನಿಂದ ತಂದ ಹಾರ್ನೆಸ್‌ಗೂ ನಿಮ್ಮ ಗಾಡಿಯಷ್ಟೇ ವಯಸ್ಸು. ಅದೂ ಅಷ್ಟೇ ವರ್ಷ ಇಂಜಿನ್ ಪಕ್ಕ ಬೆಂದಿರುತ್ತೆ. ಜೊತೆಗೆ ಕಿತ್ತು ಎಳೆದಾಡಿರುತ್ತಾರೆ. ಇಸಿಯು ಅಂತೂ ಈಗಲೇ ಕೊಳ್ಳಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಅನುಮಾನ ಕೂಲಂಟ್ ಸೆನ್ಸರ್ ಕಪ್ಲರ್ ಮೇಲೇ.

ಯಾಕೆ ಅಂತ ಹೇಳ್ತೀನಿ. ಆ ಸೆನ್ಸರ್ ಒಳಗೆ ಬಿಸಿ ಏರಿದಂತೆ ಓಮ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುವ ಒಂದು ತುಣುಕು ಇರುತ್ತೆ. ಈ ತರಹದ ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ 2000 ಓಮ್‌ಗಿಂತ ಜಾಸ್ತಿ, 80 ಡಿಗ್ರಿಗೆ ಸುಮಾರು 300 ಓಮ್ ಬರುತ್ತೆ. ಇಸಿಯುಗೆ ಥರ್ಮಾಮೀಟರ್ ಇಲ್ಲ. ಅದು ಓಮ್ ನೋಡಿ ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತೆ. ಕಪ್ಲರ್ ಲಾಕ್ ಮುರಿದು ಪಿನ್ ಸಡಿಲ ಆಯ್ತು, ಮೇಲೆ ಹಸಿರು ಕಿಲುಬು ಹಿಡಿಯಿತು ಅಂತಿಟ್ಟುಕೊಳ್ಳಿ. ಆ ಜಾಗದಲ್ಲೇ 2000 ಓಮ್ ಸೇರಿಕೊಂಡರೆ ಸೆನ್ಸರ್‌ನ 300ರ ಜೊತೆ 2300 ಆಯ್ತು. ಇಂಜಿನ್ ಕುದಿಯುತ್ತಾ ಇದ್ದರೂ ಇಸಿಯು ಪಾಲಿಗೆ ಅದು ಚಳಿಗಾಲದ ಬೆಳಗು. ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ಬೆಳಿಗ್ಗೆ ಚೆನ್ನಾಗಿ ಓಡೋದು ಅದಕ್ಕೇ, ಆಗ ನಿಜವಾಗಿಯೂ ಜಾಸ್ತಿ ಪೆಟ್ರೋಲ್ ಬೇಕಿರುತ್ತೆ. ಮಸಿ, ವಾಸನೆ, ಮೈಲೇಜ್ ಎಲ್ಲಾ ಇದಕ್ಕೇ ತಾಳೆ ಆಗುತ್ತೆ. ಹಳ್ಳದಲ್ಲಿ ಮಿಸ್ ಆಗೋದು ಬೇರೆ ತೊಂದರೆ. ಅದು ಇಂಜೆಕ್ಟರ್ ಕಪ್ಲರ್ ಅಲ್ಲಾಡುವುದರಿಂದ ಇರಬಹುದು.

ಹೀಗೆ ನೋಡಿ. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಕಪ್ಲರ್ ತೆಗೆದು ಸೆನ್ಸರ್‌ನ ಎರಡು ಪಿನ್ ಮಧ್ಯೆ ಮೀಟರ್ ಇಟ್ಟು ಓಮ್ ಬರೆದುಕೊಳ್ಳಿ. ಆಮೇಲೆ ಕಪ್ಲರ್ ವಾಪಸ್ ಹಾಕಿ, ಇಸಿಯು ಕಡೆಯ ದೊಡ್ಡ ಪ್ಲಗ್ ಬಿಚ್ಚಿ, ಅಲ್ಲಿಂದ ಅದೇ ಎರಡು ವೈರ್ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು. ಅಳೆಯುವಾಗ ಇನ್ನೊಬ್ಬರಿಗೆ ಕಪ್ಲರ್ ಹತ್ತಿರ ವೈರ್ ಮೆಲ್ಲಗೆ ಅಲ್ಲಾಡಿಸಲು ಹೇಳಿ. ಇಸಿಯು ಪ್ಲಗ್ ರಂಧ್ರದೊಳಗೆ ಮೀಟರ್ ಮೊನೆ ತುರುಕಬೇಡಿ. ತುರುಕಿದರೆ ಟರ್ಮಿನಲ್ (ವೈರ್ ತುದಿಯ ಲೋಹದ ಹಿಡಿಕೆ) ಅಗಲವಾಗಿ ಹೊಸದೊಂದು ಲೂಸ್ ಕಾಂಟ್ಯಾಕ್ಟ್ ಹುಟ್ಟುತ್ತೆ. ವೈರ್ ಬರುವ ಹಿಂಬದಿಯಿಂದ ಸಣ್ಣ ಗುಂಡುಸೂಜಿ ಇಳಿಸಿ ಅದಕ್ಕೆ ಮೀಟರ್ ಮುಟ್ಟಿಸಿ.

ಇನ್ನೊಂದು ವಿಷಯ. ಮುರಿದಿರೋದು ಕಪ್ಲರ್ ಮಾತ್ರಾನಾ, ವೈರ್ ಮೇಲಿನ ಪ್ಲಾಸ್ಟಿಕ್ಕೂ ಹೋಗಿದೆಯಾ? ಕಪ್ಲರ್‌ನಿಂದ ಒಂದು ಗೇಣು ದೂರದಲ್ಲಿ ವೈರ್ ಮಡಚಿ ನೋಡಿ. ಮೆತ್ತಗೆ ಬಾಗಿದರೆ ವೈರ್ ಚೆನ್ನಾಗಿದೆ. ಕಪ್ಲರ್‌ಗಳು ನೈಲಾನ್ ಅಥವಾ ಪಿಬಿಟಿ ಅನ್ನೋ ಪ್ಲಾಸ್ಟಿಕ್‌ನಲ್ಲಿ ಮಾಡಿರೋದು. ವರ್ಷಗಟ್ಟಲೆ ಬಿಸಿ, ಗಾಳಿ, ತೇವ ತಿಂದು ಪುಡಿಯಾಗೋದು ಯಾವ ಕಂಪನಿ ಗಾಡಿಯಲ್ಲೂ ಸಹಜ. ವೈರ್‌ನ ಹೊದಿಕೆಯೇ ಉದುರಿದರೆ ಮಾತ್ರ ದೊಡ್ಡ ಕೆಲಸ. 90ರ ದಶಕದ ಮೊದಲರ್ಧದ ಮರ್ಸಿಡಿಸ್ ಡಬ್ಲ್ಯು124 ಇಟ್ಟುಕೊಂಡವರನ್ನು ಕೇಳಿ. ಅದರ ಇಂಜಿನ್ ಹಾರ್ನೆಸ್‌ನಲ್ಲಿ ಹೊದಿಕೆಯೇ ಕಳಚಿ ತಾಮ್ರ ಬರಿದಾಗುತ್ತೆ. ಅಂಥದ್ದಕ್ಕೆ ಹಾರ್ನೆಸ್ ಬದಲಿಸಬೇಕು. ನಿಮ್ಮದು ಆ ಸ್ಥಿತಿ ಅಲ್ಲ ಅನಿಸುತ್ತೆ.

ಹಾಸನದ ಎಸ್ಟೀಮ್:

ಅಣ್ಣಾ, ನೀವು ಹೇಳಿದ್ದೇ ಸರಿ! ಸೆನ್ಸರ್ ಮೇಲೆ 310 ಓಮ್. ಇಸಿಯು ಕಡೆಯಿಂದ 1900, ಅಲ್ಲಾಡಿಸಿದರೆ ಒಮ್ಮೆ 400, ಒಮ್ಮೆ ಏನೂ ತೋರಿಸೋದಿಲ್ಲ. ವೈರ್ ಮಡಚಿದೆ, ಮೆತ್ತಗಿದೆ. ಮೂರನೇ ಇಂಜೆಕ್ಟರ್ ಹತ್ತಿರ ಮಾತ್ರ ಹೊದಿಕೆ ಬಿರುಕು ಬಿಟ್ಟಿದೆ.

ಇಲ್ಲಿನ ಎಲೆಕ್ಟ್ರಿಷಿಯನ್ ಕಪ್ಲರ್ ಕತ್ತರಿಸಿ ಬಿಸಾಕಿ, ವೈರನ್ನು ನೇರವಾಗಿ ಸೆನ್ಸರ್ ಪಿನ್‌ಗೇ ಸೋಲ್ಡರ್ ಮಾಡೋಣ ಅಂತಿದ್ದಾರೆ. ಮಾಡಿಸಲಾ?

ತಾಮ್ರದ ತಂತಿ:

ದಯವಿಟ್ಟು ಮಾಡಿಸಬೇಡಿ. ಮುಂದೆ ಸೆನ್ಸರ್ ಬದಲಿಸುವಾಗ ಮತ್ತೆ ಕತ್ತರಿಸಬೇಕು. ಪ್ರತಿ ಸಲ ವೈರ್ ಗಿಡ್ಡ ಆಗುತ್ತಾ ಹೋಗುತ್ತೆ. ಸೋಲ್ಡರ್ ಹರಿದ ಕಡೆ ಎಳೆಗಳು ಕಡ್ಡಿಯಂತೆ ಗಟ್ಟಿಯಾಗುತ್ತವೆ. ಇಂಜಿನ್ ಅದುರಿ ಅದುರಿ, ಆ ಗಟ್ಟಿ ಭಾಗ ಮುಗಿಯುವ ಜಾಗದಲ್ಲೇ ವೈರ್ ತುಂಡಾಗುತ್ತೆ. ಹಳೇ ಗಾಡಿಯಲ್ಲಿ ಕತ್ತರಿ ಕೈಗೆ ಬರಬೇಕಾದದ್ದು ಕೊನೆಗೆ. ಅದಕ್ಕೂ ಮುಂಚೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ನಿಮಗೆ ಬೇಕಿರೋದು ಹೊಸ ಖಾಲಿ ಕಪ್ಲರ್, ಅಂದರೆ ಬರೀ ಪ್ಲಾಸ್ಟಿಕ್ ಮನೆ. ಹಳೇ ಟರ್ಮಿನಲ್ ಚೆನ್ನಾಗಿದ್ದರೆ ಅದನ್ನು ವೈರ್ ಸಮೇತ ಹೊರಗೆ ತಂದು ಹೊಸ ಮನೆಗೆ ಸೇರಿಸೋದು. ಒಂದು ವೈರೂ ಕತ್ತರಿಸಬೇಕಿಲ್ಲ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಮುರಿದ ಕಪ್ಲರ್ ಚೂರು ಮತ್ತು ಸೆನ್ಸರ್‌ನ ಫೋಟೊ ಜೊತೆಗಿರಲಿ. ಬಾಯಲ್ಲಿ ಹೇಳಿದರೆ ಎರಡು ಪಿನ್‌ನ ಯಾವುದೋ ಕಪ್ಲರ್ ಕೊಡ್ತಾರೆ, ಪಿನ್ ಅಗಲ ಬೇರೆ ಇರುತ್ತೆ. ಖಾಲಿ ಮನೆ ಸಿಗದಿದ್ದರೆ ಒಂದಿಷ್ಟು ವೈರ್ ಜೊತೆಗೆ ಬರುವ ಕಪ್ಲರ್ ತನ್ನಿ. ಒಳಗಿನ ರಬ್ಬರ್ ಸೀಲ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿ.

ಹಳೇ ಕಪ್ಲರ್ ತೆಗೆಯೋದೇ ನಿಜವಾದ ಕೈಕೆಲಸ. ಬೆಳಗಿನ ಚಳಿಯಲ್ಲಿ ಕೈ ಹಾಕಬೇಡಿ. ಇಂಜಿನ್ ಉಗುರುಬೆಚ್ಚಗೆ ಇರುವಾಗ ಪ್ಲಾಸ್ಟಿಕ್ ಸ್ವಲ್ಪ ಬಾಗುತ್ತೆ. ಇಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಮಾಡಿ. ಮೊದಲು ಕಪ್ಲರನ್ನು ಹೊರಗೆ ಎಳೆಯಬೇಡಿ, ಸೆನ್ಸರ್ ಕಡೆಗೇ ಒತ್ತಿ. ಒತ್ತಿದಾಗ ಲಾಕ್ ಮೇಲಿನ ಬಿಗಿ ಕಮ್ಮಿ ಆಗುತ್ತೆ. ಆಗ ಸಣ್ಣ ಸ್ಕ್ರೂ ಡ್ರೈವರ್ ಮೊನೆಯಿಂದ ಲಾಕ್ ಎತ್ತಿ, ಕಪ್ಲರ್ ಮೈ ಹಿಡಿದು ಎಡಕ್ಕೆ ಬಲಕ್ಕೆ ಆಡಿಸುತ್ತಾ ಹೊರಗೆ ತನ್ನಿ. ವೈರ್ ಹಿಡಿದು ಎಳೆದರೆ ಪ್ಲಾಸ್ಟಿಕ್ ಅಲ್ಲೇ ಉಳಿದು ವೈರ್ ಮಾತ್ರ ಕೈಗೆ ಬರುತ್ತೆ.

ಹೊರಗೆ ಬಂದ ಮೇಲೆ ಟರ್ಮಿನಲ್ ಬಿಡಿಸೋದು. ಕಪ್ಲರ್‌ನ ಬಾಯಿ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ಟರ್ಮಿನಲ್‌ನ ಬೆನ್ನ ಮೇಲೆ ಒಂದು ಸಣ್ಣ ನಾಲಿಗೆ ಎದ್ದು ನಿಂತಿರುತ್ತೆ, ಇಲ್ಲಾ ಪ್ಲಾಸ್ಟಿಕ್‌ನದೇ ಒಂದು ನಾಲಿಗೆ ಟರ್ಮಿನಲ್ಲನ್ನು ಹಿಡಿದಿರುತ್ತೆ. ಕೆಲವು ಕಪ್ಲರ್‌ನಲ್ಲಿ ಬಣ್ಣದ ಇನ್ನೊಂದು ಪಟ್ಟಿ ಅಡ್ಡ ಇರುತ್ತೆ, ಮೊದಲು ಅದನ್ನು ಸರಿಸಬೇಕು. ತೆಳ್ಳಗೆ ತಟ್ಟಿದ ಉಕ್ಕಿನ ತಂತಿ ಒಳಗೆ ಬಿಟ್ಟು ನಾಲಿಗೆ ಒತ್ತಿ, ಹಿಂದಿನಿಂದ ವೈರ್ ಮೆಲ್ಲಗೆ ಎಳೆಯಿರಿ. ಬರದಿದ್ದರೆ ವೈರ್ ಒಮ್ಮೆ ಮುಂದಕ್ಕೆ ತಳ್ಳಿ ಮತ್ತೆ ಪ್ರಯತ್ನಿಸಿ. ನಿಮ್ಮ ಕಪ್ಲರ್ ಹೇಗೂ ಬಿಸಾಕುವಂಥದ್ದು, ಹಟ ಮಾಡಿದರೆ ಕಟಿಂಗ್ ಪ್ಲೇಯರ್‌ನಿಂದ ಪ್ಲಾಸ್ಟಿಕ್ಕನ್ನೇ ಚೂರು ಚೂರಾಗಿ ಒಡೆದು ತೆಗೆಯಿರಿ. ಯಾವ ಬಣ್ಣದ ವೈರ್ ಯಾವ ತೂತಿನಲ್ಲಿತ್ತು ಅಂತ ಮುಂಚೆಯೇ ಫೋಟೊ ಇರಲಿ.

ಟರ್ಮಿನಲ್ ಹಸಿರಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೊಳೆಯಿರಿ. ಮರಳು ಕಾಗದದಿಂದ ಉಜ್ಜಬೇಡಿ, ಮೇಲಿನ ತವರದ ಲೇಪ ಹೋಗಿ ಇನ್ನೂ ಬೇಗ ಕಿಲುಬು ಹಿಡಿಯುತ್ತೆ. ಸೆನ್ಸರ್ ಪಿನ್‌ಗೆ ಬರೀ ಟರ್ಮಿನಲ್ ಹಾಕಿ ನೋಡಿ. ಸ್ವಲ್ಪ ಬಿಗಿಯಾಗಿ ಕೂರಬೇಕು. ಸುಮ್ನೆ ಜಾರಿದರೆ ಅದರ ಸ್ಪ್ರಿಂಗ್ ಗುಣ ಹೋಗಿದೆ, ಹೊಸ ಟರ್ಮಿನಲ್ಲೇ ಬೇಕು. ಚೆನ್ನಾಗಿದ್ದರೆ ಬೆನ್ನ ಮೇಲಿನ ನಾಲಿಗೆಯನ್ನು ಒಂಚೂರು ಮೇಲೆತ್ತಿ ಹೊಸ ಮನೆಗೆ ತಳ್ಳಿ. 'ಟಕ್' ಅಂತ ಕೂತ ಮೇಲೆ ವೈರ್ ಒಮ್ಮೆ ಹಿಂದಕ್ಕೆ ಎಳೆದು ಪರೀಕ್ಷಿಸಿ.

ಮುರಿದ ಲಾಕ್‌ಗೆ ಸೂಪರ್ ಗ್ಲೂ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಒಣಗುವಾಗ ಬರುವ ಹಬೆ ಹತ್ತಿರದ ಪಿನ್ ಮೇಲೆ ಬಿಳಿ ಪೊರೆಯಾಗಿ ಕೂರುತ್ತೆ, ಕರೆಂಟ್ ಹರಿಯೋಕೆ ಅಡ್ಡಿ. ಹೊಸ ಕಪ್ಲರ್ ಸಿಗುವವರೆಗೆ ಕೇಬಲ್ ಟೈ ಹಾಕಿ ಬಿಗಿ ಮಾಡಿಕೊಂಡು ಓಡಿಸಿ.

ಉಡುಪಿ ಕಾರು:

ನಮ್ಮ ಕರಾವಳಿಯವರಿಗೆ ಒಂದು ಮಾತು. ಇಲ್ಲಿ ಉಪ್ಪು ಗಾಳಿಗೆ ತಾಮ್ರ ಹೊದಿಕೆಯ ಒಳಗೇ ಕಪ್ಪಾಗಿರುತ್ತೆ. ಹೊರಗಿಂದ ವೈರ್ ಹೊಸದರಂತೆ ಕಾಣುತ್ತೆ. ಮೀಟರ್‌ನಲ್ಲೂ ಸೊನ್ನೆ ಓಮ್ ಬರುತ್ತೆ, ಯಾಕಂದ್ರೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್‌ಗೆ ಸಾಕು. ಹೆಡ್‌ಲೈಟ್, ಫ್ಯಾನ್, ಪಂಪ್‌ನಂಥ ವೈರ್‌ಗೆ ನಾವು ಬೇರೆ ತರಹ ನೋಡ್ತೇವೆ. ಆ ಸಾಧನ ಓಡುತ್ತಿರುವಾಗಲೇ ಮೀಟರನ್ನು ವೋಲ್ಟ್‌ಗೆ ಹಾಕಿ, ಕಪ್ಲರ್‌ನ ಹಿಂದೆ ಒಂದು ಮೊನೆ, ಮುಂದೆ ಒಂದು ಮೊನೆ. 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ತೋರಿಸಿದರೆ ಆ ಕಪ್ಲರ್ ಒಳಗೊಳಗೇ ಸುಡ್ತಾ ಇದೆ ಅಂತ ಅರ್ಥ.

ತಾಮ್ರದ ತಂತಿ:

ಒಳ್ಳೇ ಮಾತು. ಎಲ್ಲರೂ ಇದನ್ನು ಮಾಡಬೇಕು. ಇದಕ್ಕೆ ಒಂದು ಸೇರಿಸ್ತೀನಿ: ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಸೆನ್ಸರ್ ಮತ್ತು ಇಸಿಯು ವೈರ್‌ಗೆ ಹಚ್ಚಬೇಡಿ. ಆ ವೈರ್‌ಗಳಲ್ಲಿ ಹರಿಯೋದು ಬಹಳ ಸಣ್ಣ ಕರೆಂಟ್, ಬಲ್ಬ್ ಎಳೆಯುವಷ್ಟನ್ನು ಇಸಿಯು ತಡೆಯೋದಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ಹಳದಿ ಕಪ್ಲರ್‌ಗೆ ಮೀಟರ್ ಕೂಡ ಮುಟ್ಟಿಸಬಾರದು.

ಹಾಸನದ ಎಸ್ಟೀಮ್:

ಕೂಲಂಟ್ ಸೆನ್ಸರ್‌ಗೆ ಹೊಸ ಕಪ್ಲರ್ ಕೂರಿಸಿದೆ, ಹಳೇ ಟರ್ಮಿನಲ್ಲೇ. ಈಗ ಇಸಿಯು ಕಡೆಯಿಂದಲೂ ಸೆನ್ಸರ್‌ನಷ್ಟೇ ಓಮ್ ಬರ್ತಿದೆ, ಅಲ್ಲಾಡಿಸಿದರೂ ಬದಲಾಗೋದಿಲ್ಲ. ಪೆಟ್ರೋಲ್ ವಾಸನೆ ಹೋಯ್ತು, ಬಿಸಿಯಾದ ಮೇಲೂ ಪಿಕಪ್ ಇದೆ. ಅಪ್ಪನನ್ನು ಕೂರಿಸಿಕೊಂಡು ಸಕಲೇಶಪುರದ ತನಕ ಹೋಗಿ ಬಂದೆ. ತುಂಬಾ ಖುಷಿಪಟ್ಟರು.

ಹಳ್ಳದಲ್ಲಿ ಮಿಸ್ಸಿಂಗ್ ಇನ್ನೂ ಇದೆ. ಮೂರನೇ ಇಂಜೆಕ್ಟರ್‌ನ ಓಮ್ 13 ಬಂತು, ಅದು ಸರಿ ಇದೆ ಅಲ್ವಾ? ಹೊದಿಕೆ ಬಿರುಕು ಬಿಟ್ಟ ವೈರ್‌ಗೆ ಏನು ಮಾಡಲಿ? ಮನೆ ವೈರಿಂಗ್ ಮಾಡಿದ ವೈರ್ ತುಂಡು ಇದೆ, ಸೇರಿಸಬಹುದಾ?

ತಾಮ್ರದ ತಂತಿ:

ತುಂಬಾ ಸಂತೋಷ ಸರ್. 13 ಓಮ್ ಅಂದ್ರೆ ಇಂಜೆಕ್ಟರ್ ಸುರುಳಿ ಚೆನ್ನಾಗಿದೆ. ಇಂಥ ಇಂಜೆಕ್ಟರ್‌ಗಳು ಸಾಮಾನ್ಯವಾಗಿ 12ರಿಂದ 16ರ ಒಳಗೆ ಇರುತ್ತವೆ. ತೊಂದರೆ ವೈರ್‌ನಲ್ಲೇ. ಇಲ್ಲಿ ಮಾತ್ರ ಕತ್ತರಿ ಬೇಕು.

ಮನೆ ವೈರ್ ಬೇಡ. ಅದು ಸಾಮಾನ್ಯವಾಗಿ 70 ಡಿಗ್ರಿ ಬಿಸಿಗೆ ಮಾಡಿದ್ದು, ಇಂಜಿನ್ ಪಕ್ಕ ಬೇಗ ಗಟ್ಟಿಯಾಗಿ ಮತ್ತೆ ಇದೇ ಗತಿ. ಗಾಡಿಗೆಂದೇ ಮಾಡಿದ ವೈರ್ ತನ್ನಿ. ಐಎಸ್‌ಒ 6722 ಅನ್ನೋ ಗಾಡಿ ವೈರ್ ಮಾನದಂಡದ ಲೆಕ್ಕದಲ್ಲಿ ಎ ದರ್ಜೆ 85 ಡಿಗ್ರಿ, ಬಿ ದರ್ಜೆ 100, ಸಿ ದರ್ಜೆ 125. ಬಾನೆಟ್ ಒಳಗೆ ಬಿ ಅಥವಾ ಸಿ ಹಾಕಿ. ದಪ್ಪ ಈಗಿರುವ ವೈರ್‌ನಷ್ಟೇ ಇರಲಿ. ಬಣ್ಣವೂ ಅದೇ ಸಿಕ್ಕಿದರೆ ಮುಂದೆ ನೋಡುವವರಿಗೆ ಉಪಕಾರ.

ಬಿರುಕು ಮುಗಿದು ವೈರ್ ಮೆತ್ತಗೆ ಬಾಗುವ ಜಾಗದವರೆಗೂ ಹಿಂದೆ ಹೋಗಿ ಕತ್ತರಿಸಿ. ತಾಮ್ರ ಹೊಳೆಯುತ್ತಿರಬೇಕು. ಕಪ್ಪಿದ್ದರೆ ಇನ್ನೂ ಸ್ವಲ್ಪ ಹಿಂದೆ. ಎರಡೂ ವೈರನ್ನು ಒಂದೇ ಅಳತೆಗೆ ಕತ್ತರಿಸದೆ ಒಂದನ್ನು ಎರಡು ಬೆರಳು ಉದ್ದ ಬಿಡಿ. ಆಗ ಎರಡು ಜೋಡಣೆ ಅಕ್ಕಪಕ್ಕ ಬಂದು ಉಬ್ಬೋದಿಲ್ಲ, ಒಂದಕ್ಕೊಂದು ತಾಗೋದೂ ಇಲ್ಲ. ಜೋಡಿಸುವ ಮುಂಚೆಯೇ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಶ್ರಿಂಕ್ ಸ್ಲೀವ್ ವೈರ್‌ಗೆ ಏರಿಸಿಟ್ಟುಕೊಳ್ಳಿ. ತಾಮ್ರದ ಸಣ್ಣ ಕೊಳವೆ ಹಾಕಿ ಸರಿಯಾದ ಕ್ರಿಂಪಿಂಗ್ ಪ್ಲೇಯರ್‌ನಿಂದ ಒತ್ತಿ, ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ, ಆಮೇಲೆ ಸ್ಲೀವ್‌ಗೆ ಬಿಸಿ ಕೊಡಿ. ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಇಣುಕಿದರೆ ನೀರು ಹೋಗಲ್ಲ ಅಂತ ಗ್ಯಾರಂಟಿ. ಮೇಲೆ ಮಾಮೂಲಿ ಪಿವಿಸಿ ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಜಿಡ್ಡಾಗುತ್ತೆ. ಬಿಸಿ ತಡೆಯುವ ಬಟ್ಟೆ ಟೇಪ್ ಸುತ್ತಿ, ಹಳೇ ಪ್ಲಾಸ್ಟಿಕ್ ಕೊಳವೆಯೊಳಗೇ ಕೂರಿಸಿ.

ನಾಲ್ಕೂ ಇಂಜೆಕ್ಟರ್ ಕಪ್ಲರ್ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ, ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಮುಂದಿನದು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕಪ್ಲರ್ ಕೂಡ ಇಷ್ಟೊತ್ತಿಗೆ ಬಿರುಸಾಗಿರುತ್ತೆ. ಅದರಲ್ಲಿ ಸೆನ್ಸರ್ ಕಡೆಯ ವೈರ್ ಮಾತ್ರ ಸೋಲ್ಡರ್ ಮಾಡಬೇಡಿ, ಗ್ರೀಸನ್ನೂ ಹಾಕಬೇಡಿ. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ಆ ವೈರ್ ಒಳಗಿಂದಲೇ ಎಳೆದುಕೊಳ್ಳುತ್ತವೆ, ದಾರಿ ಮುಚ್ಚಿದರೆ ತಪ್ಪು ಲೆಕ್ಕ ಕೊಡುತ್ತವೆ. ಅಲ್ಲಿ ಕಪ್ಲರ್‌ನ ಹಾರ್ನೆಸ್ ಕಡೆಯ ಅರ್ಧವನ್ನಷ್ಟೇ ಬದಲಿಸಿ. ಮೂರನೇ ಇಂಜೆಕ್ಟರ್ ಆದ ಮೇಲೂ ಮಿಸ್ ಇದ್ದರೆ, ಐಡಲ್‌ನಲ್ಲಿ ಇಟ್ಟು ಒಂದೊಂದೇ ಕಪ್ಲರ್ ಹತ್ತಿರ ವೈರ್ ಅಲ್ಲಾಡಿಸಿ, ಯಾವುದನ್ನು ಮುಟ್ಟಿದಾಗ ಇಂಜಿನ್ ಸದ್ದು ಬದಲಾಯ್ತು ಅಂತ ಇಲ್ಲೇ ಬರೆಯಿರಿ.