ಒಂದೇ ಟ್ಯಾಂಕಲ್ಲಿ ಎರಡು ಫೈಟರ್: ಫಿಲ್ಟರ್, ಹೀಟರ್ ಎಲ್ಲಿ ಇಡಬೇಕು?

ಕೇಳಿದವರು, ವಿಜಯನಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಗಂಡು ಬೆಟ್ಟಾ ಇವೆ, ಒಟ್ಟಿಗೆ ಬಿಟ್ಟರೆ ಕಚ್ಚಾಡುವ ಫೈಟರ್ ಮೀನು. ಒಂದು ನೀಲಿ, ಒಂದು ಕೆಂಪು. ಇಷ್ಟು ದಿನ ಬೇರೆ ಬೇರೆ ಗಾಜಿನ ಜಾಡಿಯಲ್ಲಿ ಇಟ್ಟಿದ್ದೆ. ಈಗ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದಿದ್ದೇನೆ. ನಡುವೆ ಪಾರ್ಟಿಷನ್ ಹಾಕಿ ಎರಡನ್ನೂ ಅದರಲ್ಲೇ ಬಿಡಬೇಕು ಅಂತ ಆಸೆ. ಡಿಸೆಂಬರ್ ಚಳಿ ಬೇರೆ ಶುರುವಾಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ತಳದಲ್ಲಿ ಮಲಗಿರುತ್ತವೆ, ಕಾಳು ಹಾಕಿದರೂ ಮೇಲೆ ಬರುವುದಿಲ್ಲ. ಫಿಲ್ಟರ್ ಒಂದು ಸಾಕಾ, ಎರಡು ಬೇಕಾ? ಹೀಟರ್ ಯಾವ ಕಡೆ ಇಡಬೇಕು? ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ

ನಾನು ನಾಲ್ಕು ವರ್ಷದಿಂದ ಇದೇ ಅಳತೆಯ ಟ್ಯಾಂಕಲ್ಲಿ ಎರಡು ಫೈಟರ್ ಸಾಕುತ್ತಿದ್ದೇನೆ. ಮೊದಲ ಚಳಿಗಾಲದಲ್ಲಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ನಿಮ್ಮ ಮೀನಿಗೆ ಆ ಕಷ್ಟ ಬರಬಾರದು.

ಅಕ್ರಿಲಿಕ್ ಶೀಟ್ ಕತ್ತರಿಸಿ ತಂದು, ಮೊಳೆ ಕಾಯಿಸಿ ಒಂದಿಪ್ಪತ್ತು ತೂತು ಮಾಡಿ ನಡುವೆ ನಿಲ್ಲಿಸಿದೆ. ಫಿಲ್ಟರ್ ಎಡಗಡೆ, ಹೀಟರೂ ಎಡಗಡೆ, ಥರ್ಮಾಮೀಟರೂ ಅಲ್ಲೇ. 26 ಡಿಗ್ರಿ ತೋರಿಸುತ್ತಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡೆ. ಬಲಗಡೆಯ ಮೀನು ಮಾತ್ರ ದಿನದಿನಕ್ಕೆ ಮಂಕಾಗುತ್ತಾ ಬಂತು. ರೆಕ್ಕೆ ಮುದುರಿಕೊಂಡು ಮೂಲೆ ಹಿಡಿಯಿತು. ಕಾಯಿಲೆ ಇರಬೇಕು ಅಂತ ಔಷಧಿ ಹಾಕಿದೆ. ಒಂದು ವಾರ ಆದ ಮೇಲೆ ಯಾಕೋ ಅನುಮಾನ ಬಂದು ಥರ್ಮಾಮೀಟರ್ ಕಿತ್ತು ಬಲಗಡೆ ಅಂಟಿಸಿದೆ. 22! ಪಾಪ, ಅದಕ್ಕೆ ಕಾಯಿಲೆ ಇರಲಿಲ್ಲ, ಚಳಿಯಾಗಿತ್ತು. ತೂತು ಮುಟ್ಟಿ ನೋಡಿದರೆ ಅರ್ಧಕ್ಕರ್ಧ ಲೋಳೆ ಕಟ್ಟಿ ಮುಚ್ಚಿಹೋಗಿದ್ದವು. ಬಿಸಿ ನೀರು ಆ ಕಡೆಗೆ ಹೋಗುತ್ತಲೇ ಇರಲಿಲ್ಲ.

ಅವತ್ತು ನನಗೆ ಅರ್ಥವಾಗಿದ್ದು ಇಷ್ಟೇ: ಪಾರ್ಟಿಷನ್ ಮೀನನ್ನು ತಡೆಯಬೇಕು, ನೀರನ್ನು ತಡೆಯಬಾರದು. ಫಿಲ್ಟರ್ ಒಂದಾ ಎರಡಾ, ಹೀಟರ್ ಎಡಕ್ಕಾ ಬಲಕ್ಕಾ ಅನ್ನೋದೆಲ್ಲ ಆಮೇಲಿನ ಮಾತು. ಎರಡೂ ಕಡೆಯ ನೀರು ಸಲೀಸಾಗಿ ಬೆರೆಯುತ್ತಿದ್ದರೆ ಹೀಟರ್ ಎಲ್ಲಿಟ್ಟರೂ ನಡೆಯುತ್ತದೆ. ಬೆರೆಯದಿದ್ದರೆ ಎಲ್ಲಿಟ್ಟರೂ ಒಂದು ಮೀನಿಗೆ ಕಷ್ಟ.

ಅಕ್ರಿಲಿಕ್ ತೆಗೆದು ಕಸೂತಿಗೆ ಬಳಸುವ ಪ್ಲಾಸ್ಟಿಕ್ ಬಲೆ ಹಾಕಿದೆ. ಕ್ರಾಫ್ಟ್ ಸಾಮಾನಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕ್ಯಾನ್ವಾಸ್ ಅಂತ ಕೇಳಿ. ಸಣ್ಣ ಸಣ್ಣ ಚೌಕ ಇರುತ್ತದೆ, ಮೀನಿನ ರೆಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಆಫೀಸ್ ಫೈಲಿನ ಬೆನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದನ್ನು ಗಾಜಿಗೆ ಸಿಲಿಕೋನಿನಿಂದ ಅಂಟಿಸಿ, ಬಲೆಯನ್ನು ಅದರೊಳಗೆ ಇಳಿಸಿದ್ದೇನೆ. ಬೇಕಾದಾಗ ಎಳೆದು ತೊಳೆಯಬಹುದು. ಸಿಲಿಕೋನ್ ಮಾತ್ರ ಅಕ್ವೇರಿಯಂದೇ ಆಗಬೇಕು. ಬಾತ್‌ರೂಮಿಗೆ ಹಾಕುವುದರಲ್ಲಿ ಬೂಷ್ಟು ಹಿಡಿಯದಿರಲಿ ಅಂತ ವಿಷ ಸೇರಿಸಿರುತ್ತಾರೆ. ಅಂಟಿಸಿದ ಮೇಲೆ ಎರಡು ದಿನ ಒಣಗಲು ಬಿಡಿ.

ಫಿಲ್ಟರಿಗೆ ಬಂದರೆ, ನನ್ನ ಓಟು ಸ್ಪಂಜ್ ಫಿಲ್ಟರಿಗೆ. ಏರ್ ಪಂಪಿನಿಂದ ನಡೆಯುವಂಥದ್ದು. ಬೆಟ್ಟಾಗೆ ಜೋರು ಹರಿವು ಆಗುವುದಿಲ್ಲ. ಥಾಯ್ಲೆಂಡ್ ಕಡೆಯ ಗದ್ದೆ, ಜೌಗಿನ ನಿಂತ ನೀರಿನ ಮೀನು ಅದು. ಜೊತೆಗೆ ನಾವು ಸಾಕೋದು ಉದ್ದ ರೆಕ್ಕೆಯದ್ದು. ಎದುರು ನೀರಲ್ಲಿ ಈಜಿ ಈಜಿ ಸುಸ್ತಾಗುತ್ತದೆ. ನಾನು ಎರಡು ಸ್ಪಂಜ್ ಇಟ್ಟಿದ್ದೇನೆ, ಒಂದೊಂದು ಕಡೆ ಒಂದೊಂದು. ಎರಡು ಬಾಯಿಯ ಒಂದೇ ಪಂಪ್. ಇಲ್ಲೊಂದು ಉಪಾಯ ಇದೆ. ಸುಮ್ನೆ ಎರಡೂ ಕಡೆ ಒಂದೊಂದು ಇಟ್ಟರೆ ಅವು ತಮ್ಮ ತಮ್ಮ ಕಡೆಯ ನೀರನ್ನೇ ತಿರುಗಿಸುತ್ತಾ ಕೂರುತ್ತವೆ. ಅದಕ್ಕೆ ಸ್ಪಂಜಿನ ಮೇಲಿನ ಕೊಳವೆಗೆ ಒಂದು ಎಲ್ಬೋ, ಅಂದರೆ ಬಾಗಿದ ಪೈಪ್ ತುಂಡು ಹಾಕಿ, ಅದರ ಬಾಯಿ ಪಾರ್ಟಿಷನ್ ದಾಟಿ ಪಕ್ಕದ ಕಡೆ ಬೀಳುವ ಹಾಗೆ ಮಾಡಿದೆ. ಬಲೆಯಲ್ಲಿ ನೀರಿನ ಮಟ್ಟಕ್ಕೆ ಕೊಳವೆ ತೂರುವಷ್ಟೇ ಕತ್ತರಿಸಿದರೆ ಸಾಕು. ಎಡಗಡೆ ಹೀರಿದ್ದು ಬಲಗಡೆ ಬೀಳುತ್ತದೆ, ಬಲಗಡೆಯದ್ದು ಎಡಗಡೆ.

ನೀರು ನಿಜವಾಗಲೂ ಬೆರೆಯುತ್ತಿದೆಯಾ ಅಂತ ನೋಡಲು ನಾನು ಹೀಗೆ ಮಾಡುತ್ತೇನೆ. ಕಾಡು ಬಾದಾಮಿ ಎಲೆ ಕುದಿಸಿ ಆರಿಸಿದ ಕಂದು ನೀರು ಒಂದು ಲೋಟ ಇಟ್ಟುಕೊಳ್ಳುವುದು. ಫೈಟರ್ ಸಾಕುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ, ಅಲ್ವಾ? ಅದನ್ನು ಒಂದು ಕಡೆಗೆ ನಿಧಾನಕ್ಕೆ ಸುರಿದು ಟಾರ್ಚ್ ಹಿಡಿದು ನೋಡುವುದು. ಹೊಸ ಬಲೆ ಹಾಕಿದ ದಿನ ಕಂದು ಬಣ್ಣ ಹೊಗೆಯ ಎಳೆಯ ಹಾಗೆ ಚೌಕಗಳ ಮೂಲಕ ನುಸುಳಿತು. ಹತ್ತು ನಿಮಿಷದಲ್ಲಿ ಎರಡೂ ಕಡೆ ಒಂದೇ ಬಣ್ಣ. ಈಗಲೂ ತಿಂಗಳಿಗೊಮ್ಮೆ ನೋಡುತ್ತೇನೆ. ಬಣ್ಣ ದಾಟಲು ಜಾಸ್ತಿ ಹೊತ್ತಾದರೆ ಬಲೆ ತೊಳೆಯುವ ಹೊತ್ತಾಯಿತು ಅಂತ ಲೆಕ್ಕ.

ಹೀಟರ್ 50 ವ್ಯಾಟಿನದು ಸಾಕು. ನಿಮ್ಮ ಟ್ಯಾಂಕಿಗೆ ಹತ್ತು ಇಂಚು ನೀರು ತುಂಬಿದರೆ ಸುಮಾರು 45 ಲೀಟರ್ ಆಗುತ್ತದೆ. ಲೀಟರಿಗೆ ಒಂದು ವ್ಯಾಟ್ ಅಂತ ಹಿಡಿದರೆ ನಮ್ಮ ಬೆಂಗಳೂರಿನ ಚಳಿಗೆ ಸರಿಹೋಗುತ್ತದೆ. ಇಲ್ಲಿ ಜನವರಿ ರಾತ್ರಿ ಹೊರಗಡೆ 15, 16 ಡಿಗ್ರಿಗೆ ಇಳಿದರೂ ಮನೆಯೊಳಗೆ ಅಷ್ಟು ಇಳಿಯುವುದಿಲ್ಲ. ಹೀಟರನ್ನು ಪಾರ್ಟಿಷನ್ನಿಗೆ ಹತ್ತಿರ, ತಳದಿಂದ ಎರಡಿಂಚು ಮೇಲೆ, ಅಡ್ಡಕ್ಕೆ ಅಂಟಿಸಿ. ಕೊಳವೆಯ ನೀರು ಅದರ ಮೇಲೆ ಹಾದುಹೋಗಲಿ. ಥರ್ಮಾಮೀಟರ್ ಎರಡು ತನ್ನಿ, ಒಂದೊಂದು ಕಡೆಗೆ ಒಂದೊಂದು. ಇದರಲ್ಲಿ ಉಳಿತಾಯ ಮಾಡಬೇಡಿ.

ಮಲ್ಲೇಶ್ವರದಿಂದ

ಬಸವನಗುಡಿಯವರು ಹೇಳಿದ್ದು ಸರಿ. ನಾನು ಬೇರೆ ದಾರಿ ಹಿಡಿದೆ, ಅದನ್ನೂ ಕೇಳಿ.

ಬಲೆ ಹಾಕಿದಾಗ ನನ್ನ ಎರಡೂ ಮೀನು ದಿನವಿಡೀ ಒಂದನ್ನೊಂದು ನೋಡಿ ಕಿವಿರು ಉಬ್ಬಿಸಿಕೊಂಡು ನಿಲ್ಲುತ್ತಿದ್ದವು. ಒಂದು ನಿಮಿಷ ನೋಡಲು ಚೆನ್ನ. ದಿನಪೂರ್ತಿ ಹಾಗೇ ಇದ್ದರೆ ಅದಕ್ಕೆ ಹಿಂಸೆ. ಒಂದಂತೂ ತನ್ನ ಬಾಲ ತಾನೇ ಕಚ್ಚಿಕೊಂಡಿತು. ಆಗ ಒಂದಿಂಚು ದಪ್ಪದ ಕಪ್ಪು ಫಿಲ್ಟರ್ ಸ್ಪಂಜಿನ ಹಾಳೆ ತಂದು ಅದನ್ನೇ ಗೋಡೆ ಮಾಡಿದೆ. ಟ್ಯಾಂಕಿನ ಅಗಲಕ್ಕಿಂತ ಅರ್ಧ ಸೆಂಟಿಮೀಟರ್ ಜಾಸ್ತಿ ಕತ್ತರಿಸಿ ಒತ್ತಿ ಕೂರಿಸಿದರೆ ಅಂಟೂ ಬೇಡ. ಕೆಳಗಿನ ಅಂಚು ಜಲ್ಲಿಯೊಳಗೆ ಹೂತಿರಬೇಕು, ಇಲ್ಲವಾದರೆ ಮೀನು ಸಂದಿ ಹುಡುಕಿಕೊಂಡು ನುಗ್ಗುತ್ತದೆ.

ಇದರಲ್ಲಿ ಒಳ್ಳೆಯದೇನು ಅಂದರೆ ಗೋಡೆಯೇ ಫಿಲ್ಟರ್. ಒಂದು ಕಡೆ ಗಾಳಿಯ ಗುಳ್ಳೆಯಿಂದ ನೀರೆತ್ತುವ ಕೊಳವೆ ಇಟ್ಟು ನೀರನ್ನು ಇನ್ನೊಂದು ಕಡೆ ಸುರಿದರೆ, ಅದು ಸ್ಪಂಜಿನ ಮೂಲಕವೇ ವಾಪಸ್ ಬರಬೇಕು. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ದೊಡ್ಡ ಮನೆ ಸಿಗುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ, ನೈಟ್ರೇಟ್ ಅಷ್ಟೇನಲ್ಲ. ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿಗೆ ಇವತ್ತು ನೀರು ತುಂಬಿ ನಾಳೆ ಮೀನು ಬಿಡಬೇಡಿ. ಸ್ನೇಹಿತರ ಹಳೆಯ ಟ್ಯಾಂಕಿನ ಸ್ಪಂಜ್ ಒಂದು ತುಂಡು ಸಿಕ್ಕರೆ ತಂದು ಒಳಗೆ ಹಾಕಿ, ಬೇಗ ಆಗುತ್ತದೆ. ಅವರ ಮೀನು ಆರೋಗ್ಯವಾಗಿದೆಯಾ ಅಂತ ಮಾತ್ರ ಕೇಳಿಕೊಂಡು ತನ್ನಿ.

ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಕಾವೇರಿ ನೀರಿನ ಕ್ಲೋರಿನ್ ತಗುಲಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ನೀರು ಬದಲಿಸುವಾಗ ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟಿಗೆ ಹಾಕಿಕೊಂಡು ಅದರಲ್ಲಿ ಹಿಂಡಿ. ಕಷ್ಟ ಇರೋದು ಇಲ್ಲೇ. ಗೋಡೆ ತೆಗೆಯಬೇಕಾದರೆ ಮೊದಲು ಒಂದು ಮೀನನ್ನು ಹೊರಗೆ ತೆಗೆದಿರಬೇಕು. ಮರೆತು ಎಳೆದರೆ ಎರಡೂ ಕ್ಷಣದಲ್ಲಿ ಕಚ್ಚಾಡುತ್ತವೆ.

ಬಲೆಯೇ ಹಾಕುತ್ತೀರಾದರೆ ಎರಡು ಕಡೆಗೂ ಗಿಡ ಒತ್ತಾಗಿ ಇಡಿ, ಒಂದಕ್ಕೊಂದು ಕಾಣದಿರಲಿ.

ಕೆಂಗೇರಿಯಿಂದ

ಹೀಟರ್ ವಿಷಯದಲ್ಲಿ ನನಗೆ ದೊಡ್ಡ ಪೆಟ್ಟು ಬಿದ್ದಿದೆ, ಹೇಳಲೇಬೇಕು. ಕಡಿಮೆ ಬೆಲೆಗೆ ಸಿಕ್ಕಿತು ಅಂತ 100 ವ್ಯಾಟಿನ ಹೀಟರ್ ಹಾಕಿದ್ದೆ. ಒಂದು ರಾತ್ರಿ ಅದರ ಥರ್ಮೋಸ್ಟಾಟ್ ಕಚ್ಚಿಕೊಂಡಿತು. ಆಫ್ ಆಗಲೇ ಇಲ್ಲ. ಬೆಳಿಗ್ಗೆ ಗಾಜು ಮುಟ್ಟಿದರೆ ಬೆಚ್ಚಗಿತ್ತು, 36 ಡಿಗ್ರಿ. ಎರಡು ಮೀನೂ ಹೋಗಿದ್ದವು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದಕ್ಕೇ 50 ವ್ಯಾಟ್ ದಾಟಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಸಣ್ಣ ಹೀಟರ್ ಕಚ್ಚಿಕೊಂಡರೂ ನೀರು ನಿಧಾನಕ್ಕೆ ಕಾಯುತ್ತದೆ, ನಮಗೆ ಗೊತ್ತಾಗಲು ಸಮಯ ಸಿಗುತ್ತದೆ.

ಈಗ ನಾನು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ, ನೀರಿನ ಬಿಸಿ ನೋಡಿ ಹೀಟರಿನ ಕರೆಂಟ್ ಕಡಿಯುವ ಟೆಂಪರೇಚರ್ ಕಂಟ್ರೋಲರ್ ತಂದು ಹಾಕಿದ್ದೇನೆ. ಹೀಟರಿನ ಗುಂಡಿ 28ಕ್ಕೆ, ಕಂಟ್ರೋಲರ್ 26ಕ್ಕೆ. ಒಂದು ಕೈಕೊಟ್ಟರೆ ಇನ್ನೊಂದು ತಡೆಯುತ್ತದೆ. ಕಂಟ್ರೋಲರಿನ ಸೆನ್ಸರ್ ವೈರನ್ನು ಹೀಟರ್ ಇರುವ ಕಡೆಯೇ ಇಳಿಬಿಡಿ. ನಾನು ಮೊದಲು ಇನ್ನೊಂದು ಕಡೆ ಇಟ್ಟಿದ್ದೆ. ಒಮ್ಮೆ ಪಂಪ್ ನಿಂತು ನೀರು ಬೆರೆಯುವುದು ನಿಂತಿತು. ಸೆನ್ಸರಿಗೆ ತಣ್ಣಗೇ ಕಾಣುತ್ತಿತ್ತು, ಹೀಟರ್ ಉರಿಯುತ್ತಲೇ ಇತ್ತು. ಪುಣ್ಯಕ್ಕೆ ನಾನು ಮನೆಯಲ್ಲೇ ಇದ್ದೆ. ಸೆನ್ಸರ್ ನೀರಿನಿಂದ ಜಾರಿ ಹೊರಗೆ ಬಿದ್ದರೂ ಇದೇ ಕಥೆ, ಅದಕ್ಕೆ ರಬ್ಬರ್ ಬಟ್ಟಲಿನಿಂದ ಗಟ್ಟಿಯಾಗಿ ಅಂಟಿಸಿ.

ಇನ್ನೆರಡು ಮಾತು. ನೀರು ತೆಗೆಯುವ ಕಾಲು ಗಂಟೆ ಮುಂಚೆ ಹೀಟರ್ ಸ್ವಿಚ್ ಆರಿಸಿ. ಕಾದ ಗಾಜು ಗಾಳಿಗೆ ಬಂದು, ಮತ್ತೆ ತಣ್ಣೀರು ಬಿದ್ದರೆ ಒಡೆಯುತ್ತದೆ. ವೈರನ್ನು ನೇರ ಪ್ಲಗ್ಗಿಗೆ ಎಳೆಯಬೇಡಿ. ಒಂದು ಸುತ್ತು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೆ ಬರಲಿ. ವೈರಿನ ಮೇಲೆ ಹರಿದ ನೀರು ಆ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಬಸವನಗುಡಿಯಿಂದ ಮತ್ತೆ

ಕರೆಂಟ್ ಹೋಗುವ ವಿಷಯ ಮರೆತಿದ್ದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡುತ್ತೀರಾದರೆ ಟ್ಯೂಬಿಗೆ ನಾನ್ ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲವಾದರೆ ಕರೆಂಟ್ ಹೋದ ತಕ್ಷಣ ನೀರು ಟ್ಯೂಬಲ್ಲಿ ವಾಪಸ್ ಇಳಿದು ಪಂಪೂ ಹಾಳು, ನೆಲವೂ ಒದ್ದೆ. ಯುಪಿಎಸ್ ಇದ್ದರೆ ಏರ್ ಪಂಪನ್ನು ಅದಕ್ಕೆ ಕೊಡಿ, ಅದು ಎಳೆಯುವುದು ತೀರಾ ಕಡಿಮೆ. ಹೀಟರ್ ಬೇಡ. ಒಂದೆರಡು ಗಂಟೆಗೆ ಅಷ್ಟು ನೀರು ತಣ್ಣಗಾಗುವುದಿಲ್ಲ.

ಎರಡು ಸ್ಪಂಜ್ ಇದ್ದಾಗ ಗಾಳಿ ಸುಲಭದ ದಾರಿಗೇ ಜಾಸ್ತಿ ಹೋಗುತ್ತದೆ. ಒಂದು ಕಡೆ ಬುಳಬುಳ, ಇನ್ನೊಂದು ಕಡೆ ಏನೂ ಇಲ್ಲ ಅಂತಾದರೆ ಎರಡೂ ಟ್ಯೂಬಿಗೆ ಸಣ್ಣ ವಾಲ್ವ್ ಹಾಕಿ ಸರಿಮಾಡಿ. ಗುಳ್ಳೆಯನ್ನು ಎಷ್ಟು ಕಡಿಮೆ ಇಡಬೇಕು ಅಂದರೆ, ನೀರಿನ ಮೇಲೆ ತೇಲುವ ಕಾಳು ಓಡಬಾರದು.

ಮುಚ್ಚಳ ಬೇಕೇ ಬೇಕು. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುವ ಮೀನು. ಚಳಿಗಾಲದಲ್ಲಿ ನೀರು ಬೆಚ್ಚಗಿದ್ದು ಮೇಲಿನ ಗಾಳಿ ಕೊರೆಯುತ್ತಿದ್ದರೆ ಅದಕ್ಕೆ ಒಳ್ಳೆಯದಲ್ಲ. ಮುಚ್ಚಳ ಇದ್ದರೆ ಆ ಗಾಳಿಯೂ ಬೆಚ್ಚಗಿರುತ್ತದೆ. ಗಾಳಿಯಾಡಲು ಒಂದು ಸಂದಿ ಬಿಡಿ. ಮತ್ತೆ ಇವು ಪಾರ್ಟಿಷನ್ ಹಾರುತ್ತವೆ. ಬಲೆ ನೀರಿನಿಂದ ಎರಡಿಂಚಾದರೂ ಮೇಲಿರಲಿ.

ಯಲಹಂಕದಿಂದ

ನಮ್ಮದು ಬೋರ್‌ವೆಲ್ ನೀರು, ಗಡಸು. ಬೆಟ್ಟಾ ಅದಕ್ಕೂ ಹೊಂದಿಕೊಳ್ಳುತ್ತದೆ. ಹೊಂದದೆ ಇರೋದು ಒಂದೇ ಸಲದ ಬದಲಾವಣೆಗೆ. ಒಂದು ವಾರ ಬೋರ್, ಮುಂದಿನ ವಾರ ಟ್ಯಾಂಕರ್ ಅಂತ ಪೂರ್ತಿ ಬದಲಿಸಿದಾಗ ನನ್ನ ಮೀನು ಬಿದ್ದುಹೋಯಿತು. ಈಗ ವಾರಕ್ಕೆ ಕಾಲು ಭಾಗ ಮಾತ್ರ. ಹೊಸ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸಿ ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ ಹಾಕುತ್ತೇನೆ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ, ಅಥವಾ ರಾತ್ರಿಯಿಡೀ ತೆರೆದ ಬಕೆಟಿನಲ್ಲಿ ಬಿಡಿ. ಬರೀ ಆರ್‌ಓ ನೀರು ಮಾತ್ರ ಹಾಕಬೇಡಿ, ಅದರಲ್ಲಿ ಖನಿಜವೇ ಇರುವುದಿಲ್ಲ.

ನೀರು ಒಂದೇ ಆದಮೇಲೆ ಕಾಯಿಲೆಯೂ ಒಂದೇ. ಒಂದು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಇನ್ನೊಂದಕ್ಕೂ ಬಂತು ಅಂತಲೇ ತಿಳಿದು ಇಡೀ ಟ್ಯಾಂಕಿಗೆ ಚಿಕಿತ್ಸೆ ಮಾಡಿ. ನಿಮ್ಮ ಹಳೆಯ ಜಾಡಿಗಳನ್ನು ಎಸೆಯಬೇಡಿ. ರೆಕ್ಕೆ ಹರಿದಾಗಲೋ, ಗೋಡೆ ತೊಳೆಯುವಾಗಲೋ ಬೇಕಾಗುತ್ತವೆ.

ಕೇಳಿದವರು, ಐದು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಲೆಯನ್ನೇ ಹಾಕಿದೆ, ಎರಡೂ ಕಡೆ ಜಾವಾ ಫರ್ನ್ ಗಿಡ ಕಟ್ಟಿದೆ. ಒಬ್ಬ ಸ್ನೇಹಿತರು ಹಳೆಯ ಸ್ಪಂಜ್ ಕೊಟ್ಟರು. ಟ್ಯಾಂಕ್ ತಯಾರಾಗುವವರೆಗೆ ಜಾಡಿಗಳನ್ನು ಬೆಚ್ಚಗಿನ ನೀರಿನ ದೊಡ್ಡ ಟಬ್ಬಿನಲ್ಲಿ ಇಟ್ಟು, ಹೀಟರನ್ನು ಟಬ್ಬಿಗೇ ಹಾಕಿ ನೋಡಿಕೊಂಡೆ. ಮೊನ್ನೆ ಭಾನುವಾರ ಟ್ಯಾಂಕಿಗೆ ಬಿಟ್ಟೆ. ಕಂದು ನೀರಿನ ಪರೀಕ್ಷೆಯೂ ಮಾಡಿದೆ. ನನಗೆ ಹದಿನೈದು ನಿಮಿಷ ಆಯಿತು. ಇವತ್ತು ಬೆಳಿಗ್ಗೆ ಆರಕ್ಕೆ ಎಡಗಡೆ 26, ಬಲಗಡೆ 25.5. ಲೈಟ್ ಹಾಕಿದ ತಕ್ಷಣ ಎರಡೂ ಗಾಜಿನ ಹತ್ತಿರ ಬಂದು ಕಾಳಿಗೆ ಕಾಯುತ್ತಿದ್ದವು.

ಇನ್ನೊಂದೇ ಪ್ರಶ್ನೆ. ಸಂಕ್ರಾಂತಿಗೆ ಮೂರು ದಿನ ಊರಿಗೆ ಹೋಗಬೇಕು. ಪಕ್ಕದ ಮನೆಯವರಿಗೆ ಕಾಳು ಹಾಕಲು ಹೇಳಲಾ?

ಮಲ್ಲೇಶ್ವರದಿಂದ

ಬೇಡ. ಚೆನ್ನಾಗಿರುವ ದೊಡ್ಡ ಬೆಟ್ಟಾ ಮೂರು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಪ್ರೀತಿಯಿಂದ ಜಾಸ್ತಿ ಹಾಕಿಬಿಟ್ಟರೆ ಅದು ಕೊಳೆತು ಎರಡೂ ಕಡೆಯ ನೀರು ಕೆಡುತ್ತದೆ. ಹೋಗುವ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ದಿನಕ್ಕೊಮ್ಮೆ ಬಂದು ಗುಳ್ಳೆ ಬರುತ್ತಿದೆಯಾ, ಎರಡು ಥರ್ಮಾಮೀಟರ್ ಎಷ್ಟು ತೋರಿಸುತ್ತಿವೆ ಅಂತ ಫೋಟೋ ತೆಗೆದು ಕಳಿಸಲು ಹೇಳಿ. ಹೀಟರಿನ ಸ್ವಿಚ್ ಯಾವುದು ಅಂತ ಅದರ ಮೇಲೆ ಒಂದು ಚೀಟಿ ಅಂಟಿಸಿಟ್ಟು ಹೋಗಿ.