ಪಾಸ್‌ವರ್ಡ್ ‘ರೀಸೆಟ್’ಗೆ ‘ಮರುಹೊಂದಿಸು’ ಸಾಕೇ?

ಗೆಳೆಯರೇ, ನಮಸ್ಕಾರ.

ವಿಂಡೋಸ್ ಕಂಪ್ಯೂಟರಿನ ಪಾಸ್‌ವರ್ಡ್ ಮರೆತವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಓದುವವರಲ್ಲಿ ನಿವೃತ್ತರು, ಸಣ್ಣ ಅಂಗಡಿಯವರೇ ಜಾಸ್ತಿ. ಪಾಸ್‌ವರ್ಡೋ ಗುಪ್ತಪದವೋ ಎಂಬ ಹಳೇ ಜಗಳ ಈಗ ಬೇಡ, ಅದನ್ನು ಪಾಸ್‌ವರ್ಡ್ ಎಂದೇ ಇಟ್ಟುಕೊಂಡಿದ್ದೇನೆ. ತೊಡಕು ಇರುವುದು ‘ರೀಸೆಟ್’ನಲ್ಲಿ.

ಇದಕ್ಕೆ ‘ಮರುಹೊಂದಿಸು’ ಎಂದು ಬರೆಯುವುದು ರೂಢಿ. ಆದರೆ ವಿಂಡೋಸ್‌ನಲ್ಲಿ ಎರಡು ಬಗೆಯ ರೀಸೆಟ್ ಇದೆ. ಪಾಸ್‌ವರ್ಡ್ ರೀಸೆಟ್ ಮಾಡಿದರೆ ಹಳೆಯದು ಹೋಗಿ ಹೊಸದು ಬರುತ್ತದೆ. ‘ರೀಸೆಟ್ ದಿಸ್ ಪಿಸಿ’ ಒತ್ತಿದರೆ ವಿಂಡೋಸನ್ನೇ ಹೊಸದಾಗಿ ಕೂರಿಸುತ್ತದೆ. ಅಲ್ಲಿ ‘ಎಲ್ಲವನ್ನೂ ತೆಗೆ’ ಎಂಬುದನ್ನು ಆರಿಸಿದರೆ ಮೊಮ್ಮಕ್ಕಳ ಫೋಟೊ, ಅಂಗಡಿ ಲೆಕ್ಕ ಎಲ್ಲವೂ ಹೋಯಿತು. ಎರಡಕ್ಕೂ ‘ಮರುಹೊಂದಿಸಿ’ ಎಂದು ಬರೆದುಕೊಟ್ಟರೆ ಓದುವವರು ಏನು ಮಾಡಬೇಕು ಹೇಳಿ. ರಿಪೇರಿ ಅಂಗಡಿಯವರು ಎರಡನೆಯದಕ್ಕೆ ‘ಫಾರ್ಮ್ಯಾಟ್ ಹೊಡೆಯೋದು’ ಅಂತಾರೆ. ತಾಂತ್ರಿಕವಾಗಿ ಅದು ಪೂರ್ತಿ ಸರಿಯಲ್ಲ. ಆದರೂ ಆ ಮಾತು ಕಿವಿಗೆ ಬಿದ್ದ ಕೂಡಲೇ ಯಾರಾದರೂ ‘ಡೇಟಾ ಹೋಗುತ್ತಾ?’ ಎಂದು ಕೇಳುತ್ತಾರೆ. ನನಗೆ ಬೇಕಾದ್ದು ಆ ಎಚ್ಚರವೇ.

ಇನ್ನು ‘ಬದಲಿಸು’. ಹಳೇ ಪಾಸ್‌ವರ್ಡ್ ಕೊಟ್ಟು ಹೊಸದು ಹಾಕಿದರೆ ಅದು ಬದಲಾವಣೆ. ಹಳೆಯದು ಗೊತ್ತಿಲ್ಲದೆ ಹೊಸದು ಹಾಕಿದರೆ ರೀಸೆಟ್. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಆ ಕಂಪ್ಯೂಟರಿನಲ್ಲಷ್ಟೇ ಇರುವ ಲೋಕಲ್ ಖಾತೆಯ ಪಾಸ್‌ವರ್ಡನ್ನು ಇನ್ನೊಬ್ಬ ಅಡ್ಮಿನ್ ರೀಸೆಟ್ ಮಾಡಿದರೆ, ವಿಂಡೋಸ್‌ನ ಇಎಫ್‌ಎಸ್ ಸೌಲಭ್ಯದಿಂದ ಎನ್‌ಕ್ರಿಪ್ಟ್ ಮಾಡಿಟ್ಟ (ಬೇರೆಯವರು ಓದಲಾಗದಂತೆ ಗೂಢವಾಗಿಸಿಟ್ಟ) ಕಡತಗಳು ಆ ಖಾತೆಯವರಿಗೆ ತೆರೆಯದೆ ಹೋಗಬಹುದು. ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಕೈತಪ್ಪಬಹುದು. ಬದಲಿಸಿದಾಗ ಈ ತೊಂದರೆಯಿಲ್ಲ. ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಎರಡಕ್ಕೂ ಒಂದೇ ಆಜ್ಞೆ. ಸಾಮಾನ್ಯ ಬಳಕೆದಾರರು ಕೊಟ್ಟರೆ ಹಳೆಯದನ್ನು ಕೇಳುತ್ತದೆ, ಪೂರ್ತಿ ಅಧಿಕಾರವಿರುವ ‘ರೂಟ್’ ಖಾತೆಯವರು ಕೊಟ್ಟರೆ ಕೇಳುವುದಿಲ್ಲ. ಅಲ್ಲಿ ಹೆಸರಿಡುವ ತಲೆನೋವೇ ಇಲ್ಲ!

‘ಮರುಪಡೆ’, ‘ಹಿಂಪಡೆ’ಗಳನ್ನು ನಾನಂತೂ ಕೈಬಿಟ್ಟಿದ್ದೇನೆ. ‘ಪಾಸ್‌ವರ್ಡ್ ಮರುಪಡೆಯಿರಿ’ ಎಂದು ಓದಿದವರು ಹಳೆಯದನ್ನೇ ಕಂಪ್ಯೂಟರ್ ಹೇಳುತ್ತದೆ ಎಂದು ಕಾಯುತ್ತಾರೆ. ಅದು ಹೇಳಲಾರದು. ಪಾಸ್‌ವರ್ಡನ್ನು ಅದು ಹಾಗೇ ಬರೆದಿಟ್ಟುಕೊಳ್ಳುವುದಿಲ್ಲ, ಹ್ಯಾಶ್ ಎಂಬ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ನಾವು ಒತ್ತಿದ್ದು ಆ ಗುರುತಿಗೆ ತಾಳೆಯಾದರೆ ಒಳಗೆ ಬಿಡುತ್ತದೆ. ಹಾಗಾಗಿ ಕೈಪಿಡಿಯಲ್ಲಿ ‘ಹೊಸ ಪಾಸ್‌ವರ್ಡ್ ಹಾಕಿಕೊಳ್ಳಿ’ ಎಂದು ಬರೆದಿದ್ದೇನೆ. ಮೈಕ್ರೋಸಾಫ್ಟ್ ಖಾತೆಯವರು ಮೊಬೈಲಿನಿಂದಲೇ ಆ ಕಂಪನಿಯ ಜಾಲತಾಣಕ್ಕೆ ಹೋಗಿ ಹಾಕಿಕೊಳ್ಳಬಹುದು. ಲೋಕಲ್ ಖಾತೆಯವರು ಮೊದಲೇ 3 ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರೆ, ತಪ್ಪು ಪಾಸ್‌ವರ್ಡ್ ಒತ್ತಿದ ಮೇಲೆ ಅದರ ಕೆಳಗೇ ದಾರಿ ಕಾಣುತ್ತದೆ. ಈ ಪ್ರಶ್ನೆಗಳು ಬಂದದ್ದು ವಿಂಡೋಸ್ 10ರ 1803 ಆವೃತ್ತಿಯಿಂದ.

ಕೊನೆಗೆ, ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ ಬಿಟ್‌ಲಾಕರ್‌ನ ‘ರಿಕವರಿ ಕೀ’. 48 ಅಂಕಿಗಳ ಉದ್ದನೆಯ ಸಂಖ್ಯೆ, 6 ಅಂಕಿಯ 8 ಗುಂಪು. ಇದು ಪಾಸ್‌ವರ್ಡನ್ನು ತಂದುಕೊಡುವುದಿಲ್ಲ, ಡಿಸ್ಕಿನ ಬೀಗವನ್ನಷ್ಟೇ ತೆಗೆಯುತ್ತದೆ. ‘ಮರುಪಡೆಯುವಿಕೆ ಕೀಲಿ’ ಎಂಬ ಅನುವಾದವನ್ನು ಬಾಯಲ್ಲಿ ಹೇಳುವವರು ಯಾರೂ ಸಿಗಲಿಕ್ಕಿಲ್ಲ. ಅದಕ್ಕಿಂತ ದೊಡ್ಡ ತೊಡಕು ‘ಕೀಲಿ’ಯದು. ಧಾರವಾಡದ ಕಡೆ ‘ಬಾಗಿಲಿಗೆ ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದೇ ಅರ್ಥ, ತೆಗೆಯುವುದು ಕೀಲಿಕೈ. ಕಂಪ್ಯೂಟರ್ ಕನ್ನಡ ಮಾತ್ರ ಕೀಲಿಮಣೆಯಿಂದ ಹಿಡಿದು ಎಲ್ಲ ಕಡೆ ಕೀಲಿಯನ್ನೇ ‘ಕೀ’ ಮಾಡಿಕೊಂಡಿದೆ.

ಸದ್ಯಕ್ಕೆ ನಾನು ಬಳಸಿರುವುದು ಇವು: ಹಳೆಯದು ಗೊತ್ತಿದ್ದರೆ ‘ಬದಲಿಸಿ’, ಮರೆತಿದ್ದರೆ ‘ಹೊಸದು ಹಾಕಿಕೊಳ್ಳಿ’, ಪಿಸಿ ರೀಸೆಟ್‌ಗೆ ‘ಅಳಿಸಿ ಹೊಸದಾಗಿಸಿ’. ಮೂರನೆಯದು ನನಗೇ ಅಷ್ಟು ಹಿಡಿಸಿಲ್ಲ. ಕಡತಗಳನ್ನು ಉಳಿಸಿಕೊಂಡು ಪಿಸಿ ರೀಸೆಟ್ ಮಾಡುವ ಆಯ್ಕೆಯೂ ಇರುವುದರಿಂದ ‘ಅಳಿಸಿ’ ಎನ್ನುವುದು ಅಲ್ಲಿ ಸುಳ್ಳಾಗುತ್ತದೆ. ಇದಕ್ಕಿಂತ ಒಳ್ಳೇ ಮಾತು ಇದ್ದರೆ ತಿಳಿಸಿ. ಉತ್ತರ ಕರ್ನಾಟಕದವರಲ್ಲಿ ಇನ್ನೊಂದು ಪ್ರಶ್ನೆ: ರಿಕವರಿ ಕೀಗೆ ‘ಬದಲಿ ಕೀಲಿಕೈ’ ಎಂದು ಬರೆದರೆ ನಿಮ್ಮಲ್ಲಿ ಸಲೀಸಾಗಿ ಅರ್ಥವಾಗುತ್ತದೆಯೇ?