ಉದಯಪುರದಲ್ಲಿ ಒಂದು ದಿನ, ಇಬ್ಬರೇ, ನಡೆದುಕೊಂಡು: ಹೋಗಿಬಂದವರು ಹೇಳಿ

ಶಿವಮೊಗ್ಗದಿಂದ ಕೇಳುತ್ತಿದ್ದೇನೆ

ಡಿಸೆಂಬರ್ ಕೊನೆಗೆ ನಾನು, ನನ್ನ ಹೆಂಡತಿ ರಾಜಸ್ಥಾನಕ್ಕೆ ಹೊರಟಿದ್ದೇವೆ. ಮದುವೆಯಾಗಿ 25 ವರ್ಷ ಆಯಿತು. ಮಕ್ಕಳನ್ನು ಬಿಟ್ಟು ಇಬ್ಬರೇ ಹೋಗುತ್ತಿರುವುದು ಇದೇ ಮೊದಲು. ಉದಯಪುರಕ್ಕೆ ಸಿಕ್ಕಿರುವುದು ಪೂರ್ತಿ ಒಂದು ದಿನ. ಟ್ರಾವೆಲ್ಸ್‌ನವರು ಕಾರು ಮಾಡಿಕೊಡುತ್ತೇವೆ, ಒಂಬತ್ತು ಜಾಗ ತೋರಿಸುತ್ತೇವೆ ಅನ್ನುತ್ತಾರೆ. ಇವಳಿಗೆ ಅದು ಬೇಡ. ಹಳೇ ಊರನ್ನು ನಡೆದೇ ನೋಡಬೇಕಂತೆ. ಆದರೆ ಎಡಗಾಲಿನ ಮಂಡಿ ನೋವು ಇರುವುದೂ ಅವಳಿಗೇ! ನಡೆದು ನೋಡಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡೋದು, ಏನನ್ನು ಬಿಡೋದು?

ಧಾರವಾಡದಿಂದ

ಕಾರು ಬೇಡವೇ ಬೇಡ ಸರ್. ಹಳೇ ಊರಿನ ಓಣಿಗಳಲ್ಲಿ ಕಾರು ಹೋಗುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಾವು ಎರಡು ವರ್ಷದ ಹಿಂದೆ ಜನವರಿಯಲ್ಲಿ ಹೋಗಿದ್ದೆವು. ನಮ್ಮ ಮನೆಯವರಿಗೆ ಆಗ 58, ನನಗೆ 52. ನಮ್ಮ ದಿನ ಹೇಗೆ ಹೋಯಿತು ಅಂತ ಹೇಳುತ್ತೇನೆ, ನಿಮಗೆ ಬೇಕಾದದ್ದು ತಗೊಳ್ಳಿ.

ನಮ್ಮೂರಿನ ಅಭ್ಯಾಸದಲ್ಲಿ ಆರೂವರೆಗೆ ಗಂಗೌರ್ ಘಾಟ್‌ಗೆ ಹೋಗಿ ಕೂತೆವು. ಗವ್ವೆನ್ನುವ ಕತ್ತಲೆ! ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳೂ ಕಾಲರ ಹೊತ್ತಿಗೆ. ಅಲ್ಲಿವರೆಗೆ ಶಾಲು ಹೊದ್ದುಕೊಂಡು ಚಹಾ ಕುಡಿದೆವು. ಆದರೆ ಆ ಕತ್ತಲೆಯೇ ಚೆನ್ನಾಗಿತ್ತು ಅಂತ ಈಗ ಅನಿಸುತ್ತೆ. ಮೂರು ಕಮಾನಿನ ದೊಡ್ಡ ಬಾಗಿಲು, ಅದರಾಚೆ ನೇರ ನೀರಿಗಿಳಿಯುವ ಮೆಟ್ಟಿಲು. ಒಬ್ಬ ಅಜ್ಜ ಬಂದು ಜೋಳ ಚೆಲ್ಲಿದ. ನೂರಾರು ಪಾರಿವಾಳ ಒಟ್ಟಿಗೆ ಇಳಿದವು. ಏನೋ ಸದ್ದಾಯಿತು, ಅಷ್ಟೂ ಒಂದೇ ಸಲ ಎದ್ದವು. ಆ ಗಾಳಿ ಮುಖಕ್ಕೆ ಬಡಿಯಿತು. ನಮ್ಮವರ ಚಹಾದಲ್ಲಿ ಒಂದು ಪುಕ್ಕ.

ಅಲ್ಲಿಂದ ಏರು ಹತ್ತಿದರೆ ಐದೇ ನಿಮಿಷಕ್ಕೆ ಜಗದೀಶ ಮಂದಿರ. 1651ರಲ್ಲಿ ಇಲ್ಲಿನ ರಾಜ ಒಂದನೇ ಜಗತ್ ಸಿಂಗ್ ಕಟ್ಟಿಸಿದ್ದು. ಬೀದಿಯಿಂದ 32 ಅಮೃತಶಿಲೆಯ ಮೆಟ್ಟಿಲು, ಅದೂ ಕಡಿದಾದವು. ಮಂಡಿ ನೋವು ಇರುವವರು ಬೆಳಿಗ್ಗೆಯೇ ಮುಗಿಸಿಬಿಡಿ, ಸಂಜೆ ಆ ಮೆಟ್ಟಿಲು ನೋಡಿದರೇ ಕಾಲು ನೋಯುತ್ತೆ. ಒಳಗೆ ಕಪ್ಪು ಕಲ್ಲಿನ ವಿಷ್ಣು, ಎದುರಿಗೆ ಚಿಕ್ಕ ಮಂಟಪದಲ್ಲಿ ಹಿತ್ತಾಳೆಯ ಗರುಡ. ದರ್ಶನಕ್ಕಿಂತ ಹೆಚ್ಚು ಹೊತ್ತು ಹೊರಗೋಡೆ ನೋಡಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ, ಆಮೇಲೆ ಕುಣಿಯುವವರು, ಬಾರಿಸುವವರು. ಬೇಲೂರು ನೋಡಿ ಬೆಳೆದ ನಮಗೆ ಕೆತ್ತನೆ ಸ್ವಲ್ಪ ಒರಟು ಅನಿಸಿತು. ನಮ್ಮವರು ಅದನ್ನು ಜೋರಾಗಿಯೇ ಹೇಳಿದರು, ಪುಣ್ಯಕ್ಕೆ ಕನ್ನಡದಲ್ಲಿ.

ಅರಮನೆಯ ಬಡೀ ಪೋಲ್ ಬಾಗಿಲು ಅಲ್ಲಿಂದ ಮೂರ್ನಾಲ್ಕು ನಿಮಿಷ. ಬೆಳಿಗ್ಗೆ ತೆಗೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಗುಂಪುಗಳು ಬರುತ್ತವೆ. ಒಳಗಿನ ದಾರಿ ಒಂದೇ ಕಡೆಗೆ, ಅದೂ ಸಪೂರ. ಮುಂದಿನವರು ಫೋಟೋಕ್ಕೆ ನಿಂತರೆ ಹಿಂದಿನ ನಲವತ್ತು ಜನವೂ ನಿಲ್ಲಬೇಕು. ಬಾಗಿಲುಗಳು ಗಿಡ್ಡ, ತಲೆ ಜೋಪಾನ. ನನಗೆ ಮರೆಯಲಾಗದ್ದು ಬಡೀ ಮಹಲ್. ಕತ್ತಲೆ ಮೆಟ್ಟಿಲು ಹತ್ತಿ ಹತ್ತಿ ಸುಸ್ತಾಗಿ ಮೇಲೆ ಬಂದರೆ ಎದುರಿಗೆ ಮರಗಳು! ದೊಡ್ಡ ದೊಡ್ಡ ಮರಗಳು, ನಡುವೆ ಕೊಳ. ತಾರಸಿ ತೋಟ ಅಂದುಕೊಂಡೆ. ಅಲ್ಲ, ಅರಮನೆ ಕಟ್ಟಿರುವುದೇ ಗುಡ್ಡವನ್ನು ಸುತ್ತುಹಾಕಿ. ಆ ಮರಗಳು ಬೇರು ಬಿಟ್ಟಿರುವುದು ಗುಡ್ಡದ ನೆತ್ತಿಯ ಮಣ್ಣಿನಲ್ಲಿ. ಅಲ್ಲಿ ನೆರಳಿಗೆ ಇಪ್ಪತ್ತು ನಿಮಿಷ ಕೂತೆವು. ಮೋರ್ ಚೌಕದ ಗಾಜಿನ ನವಿಲುಗಳನ್ನು ಎಲ್ಲರೂ ಹೇಳುತ್ತಾರೆ, ಚೆನ್ನಾಗಿವೆ, ಆದರೆ ನಿಂತು ನೋಡಲು ಜನ ಬಿಡಬೇಕಲ್ಲ.

ಮಧ್ಯಾಹ್ನ ದಾಲ್ ಬಾಟಿ ಚೂರ್ಮಾ ತಿಂದ ಮೇಲೆ ಯಾವ ಪ್ಲಾನೂ ಇಟ್ಟುಕೊಳ್ಳಬೇಡಿ. ಬಾಟಿಯನ್ನು ಮುರಿದು ತುಪ್ಪ ಸುರಿಯುತ್ತಾರೆ, ಸಾಕು ಅಂದರೂ ಸುರಿಯುತ್ತಾರೆ. ನಾವು ರೂಮಿಗೆ ಹೋಗಿ ಎರಡು ಗಂಟೆ ಮಲಗಿದೆವು. ರೂಮು ಹಳೇ ಊರಲ್ಲೇ ಮಾಡಿದ್ದಕ್ಕೆ ಆ ಸುಖ ಸಿಕ್ಕಿತು. ಅದೊಂದನ್ನು ಮಾತ್ರ ತಪ್ಪದೆ ಮಾಡಿ.

ಬೆಂಗಳೂರಿನಿಂದ

ನಾನು ಅರ್ಧ ಒಪ್ಪುತ್ತೇನೆ. ಹಳೇ ಊರು ನಡೆದೇ ನೋಡಬೇಕು, ಸರಿ. ಆದರೆ ಫತೇ ಸಾಗರ ಕೆರೆ, ಸಹೇಲಿಯೋಂ ಕೀ ಬಾಡಿ ತೋಟ, ಗುಡ್ಡದ ಮೇಲಿನ ಸಜ್ಜನಗಢ ಅರಮನೆ ಇವಕ್ಕೆಲ್ಲ ಆಟೋ ಬೇಕೇ ಬೇಕು. ಒಂದೇ ದಿನ ಇದ್ದರೆ ಮೂರನ್ನೂ ಬಿಡಿ. ನಾವು ಬಿಡಲಿಲ್ಲ, ಎಲ್ಲಾ ನೋಡಿದೆವು, ಈಗ ಯಾವುದೂ ಸರಿಯಾಗಿ ನೆನಪಿಲ್ಲ. ಫೋನಿನಲ್ಲಿ ಫೋಟೋ ಇವೆ ಅಷ್ಟೇ.

ಉದಯಪುರದಲ್ಲೇ ಇರುವ ಹಾವೇರಿಯವನು

ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷ. ಊರಿನ ಗುಟ್ಟು ಒಂದು ಹೇಳುತ್ತೇನೆ, ಮ್ಯಾಪ್ ಬೇಕಾಗಲ್ಲ. ನೀವು ಸುತ್ತುವ ಭಾಗದಲ್ಲಿ ದಾರಿ ತಪ್ಪಿದರೆ ಇಳಿಜಾರು ಹಿಡಿದು ಇಳಿಯಿರಿ, ಹೆಚ್ಚು ಕಡಿಮೆ ಪಿಚೋಲಾ ಕೆರೆಯ ನೀರಿನ ಹತ್ತಿರವೇ ಬರುತ್ತೀರಿ. ಏರು ಹತ್ತಿದರೆ ಜಗದೀಶ ಮಂದಿರದ ಚೌಕ. ಮಂದಿರದಿಂದ ಘಂಟಾಘರ್ (ಗಡಿಯಾರದ ಗೋಪುರ) ಕಡೆ ಹೋದರೆ ಬೆಳ್ಳಿ ಅಂಗಡಿಗಳು, ಬಡಾ ಬಜಾರ್. ‘ಪೋಲ್’ ಅಂದರೆ ಹೆಬ್ಬಾಗಿಲು. ಸೂರಜ್ ಪೋಲ್, ಹಾಥಿ ಪೋಲ್, ಚಾಂದ್ ಪೋಲ್ ಎಲ್ಲಾ ಹಳೇ ಕೋಟೆಗೋಡೆಯ ಬಾಗಿಲುಗಳು.

ಇನ್ನೊಂದು, ಎಲ್ಲರೂ ಇದನ್ನು ಸರೋವರ ಸರೋವರ ಅಂತಾರೆ. ಪಿಚೋಲಾ ನಮ್ಮ ಕಡೆಯ ಹಾಗೆ ಏರಿ ಹಾಕಿ ಕಟ್ಟಿದ ಕೆರೆ. 1559ರಲ್ಲಿ ಮಹಾರಾಣಾ ಉದಯ ಸಿಂಗ್ ಇಲ್ಲಿ ಊರು ಕಟ್ಟುವುದಕ್ಕೆ ಸುಮಾರು ಎರಡು ಶತಮಾನ ಮೊದಲೇ ಕೆರೆ ಇತ್ತು. ಕಟ್ಟಿಸಿದವನು ರಾಜ ಅಲ್ಲ, ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೋಗುತ್ತಿದ್ದ ಒಬ್ಬ ಬಂಜಾರ ಅಂತ ಇಲ್ಲಿನವರು ಹೇಳುತ್ತಾರೆ. ನಮ್ಮೂರಿನ ಪಕ್ಕದಲ್ಲೇ ಲಂಬಾಣಿ ತಾಂಡಾ ಇದೆ. ಅವರ ಮಾತಿನ ಎಷ್ಟೋ ಪದಗಳು ಇಲ್ಲಿನ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಮೊದಲ ಸಲ ಕೇಳಿದಾಗ ಊರಿಗೆ ಫೋನ್ ಮಾಡಿದ್ದೆ.

ಸಂಜೆಗೆ ಬರೋಣ. ಎಲ್ಲರೂ ಮಾಡುವ ತಪ್ಪು ಇದು: ಅರಮನೆಯ ದಂಡೆಯಲ್ಲೇ ನಿಂತು ಅರಮನೆ ಹುಡುಕುವುದು. ಅರಮನೆ ಇರುವುದು ಪೂರ್ವ ದಂಡೆಯಲ್ಲಿ. ಸಂಜೆ ಬಿಸಿಲು ಅದರ ಕೆರೆಯ ಕಡೆಯ ಗೋಡೆ ಮೇಲೆ ನೇರ ಬೀಳುತ್ತೆ. ಅದನ್ನು ನೋಡಲು ನೀವು ಆಚೆ ದಂಡೆಯಲ್ಲಿರಬೇಕು. ಗಂಗೌರ್ ಘಾಟ್ ಪಕ್ಕದ ದಾಯಿಜಿ ಸೇತುವೆ, ನಡೆಯುವವರ ಚಿಕ್ಕ ಸೇತುವೆ, ಅದನ್ನು ದಾಟಿ ಹನುಮಾನ್ ಘಾಟ್ ಕಡೆಯಿಂದ ಅಂಬ್ರಾಯ್ ಘಾಟ್‌ಗೆ ಹೋಗಿ. ನಿಧಾನಕ್ಕೆ ನಡೆದರೂ ಹದಿನೈದು ನಿಮಿಷ ಸಾಕು. ಡಿಸೆಂಬರ್‌ನಲ್ಲಿ ಐದಕ್ಕೆಲ್ಲ ಅಲ್ಲಿರಿ, ಐದೂ ಮುಕ್ಕಾಲರ ಮೇಲೆ ಸೂರ್ಯ ಮುಳುಗುತ್ತಾನೆ. ಮುಳುಗಿದ ತಕ್ಷಣ ಎದ್ದು ಬರಬೇಡಿ. ಇನ್ನರ್ಧ ಗಂಟೆಗೆ ಅರಮನೆ ದೀಪ ಹತ್ತುತ್ತವೆ, ನೀರಿನಲ್ಲಿ ಇನ್ನೊಂದು ಅರಮನೆ ತಲೆಕೆಳಗಾಗಿ ಕಾಣುತ್ತೆ.

ಕೆರೆಯ ದಡದಲ್ಲಿ ‘ನಟನೀ ಕಾ ಚಬೂತ್ರಾ’ ಅಂತ ಒಂದು ಕಟ್ಟೆ ಇದೆ, ದೋಣಿಯವರನ್ನು ಕೇಳಿದರೆ ತೋರಿಸುತ್ತಾರೆ. ಹಗ್ಗದ ಮೇಲೆ ನಡೆದು ಕೆರೆ ದಾಟಿದರೆ ಅರ್ಧ ರಾಜ್ಯ ಕೊಡುತ್ತೇನೆ ಅಂತ ಮಹಾರಾಣಾ ಒಬ್ಬ ದೊಂಬರ ಹೆಣ್ಣಿಗೆ ಮಾತು ಕೊಟ್ಟನಂತೆ. ಅವಳು ಇನ್ನೇನು ದಾಟಿಯೇಬಿಟ್ಟಳು ಅನ್ನುವಾಗ ಹಗ್ಗ ಕಡಿದರು. ಮುಳುಗುವ ಮುಂಚೆ ಶಾಪ ಹಾಕಿದಳು ಅಂತ ಕಥೆ. ನಾನು ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ, ಕಥೆ ಹೇಳುವವರು ಇಂದಿಗೂ ಅವಳ ಪರ.

ಮೈಸೂರಿನಿಂದ

ದೋಣಿ ವಿಷಯ ಯಾರೂ ಹೇಳಲಿಲ್ಲ, ಅಲ್ವಾ? ಅರಮನೆ ಟಿಕೆಟ್ಟೇ ಬೇರೆ, ದೋಣಿ ಟಿಕೆಟ್ಟೇ ಬೇರೆ. ಸೂರ್ಯಾಸ್ತದ ಹೊತ್ತಿನದಕ್ಕೆ ದರ ಜಾಸ್ತಿ. ನಮಗೆ ಅದು ದುಡ್ಡಿಗೆ ತಕ್ಕ ಹಾಗೆ ಅನಿಸಲಿಲ್ಲ, ಘಾಟ್ ಮೇಲೆ ಕೂತರೆ ಅದೇ ಸೂರ್ಯ ಪುಕ್ಕಟೆ. ಹೋಗುವುದಾದರೆ ಜಗ್ ಮಂದಿರದಲ್ಲಿ ಇಳಿಸುವ ದೋಣಿ ಹಿಡಿಯಿರಿ. ಷಹಜಹಾನ್ ಇನ್ನೂ ರಾಜಕುಮಾರ ಖುರ್ರಂ ಆಗಿದ್ದಾಗ, ಅಪ್ಪನ ಮೇಲೆ ತಿರುಗಿಬಿದ್ದು ಬಂದು ಆಶ್ರಯ ಪಡೆದ ದ್ವೀಪ ಅದು. ಕೆರೆ ನಡುವಿನ ಬಿಳಿ ಲೇಕ್ ಪ್ಯಾಲೇಸ್ ಈಗ ಹೋಟೆಲು, ನಮ್ಮಂಥವರಿಗೆ ದೂರದಿಂದಲೇ ನಮಸ್ಕಾರ.

ಹುಷಾರಾಗಿರಬೇಕಾದ ಒಂದು ವಿಷಯ. ಜಗದೀಶ ಮಂದಿರದ ಹತ್ತಿರ ಒಬ್ಬರು ಬಹಳ ಪ್ರೀತಿಯಿಂದ ಮಾತಾಡಿಸಿದರು, ಎಲ್ಲಿಂದ ಬಂದಿರಿ, ಮೈಸೂರಾ, ಓಹೋ ಅಂತ. ಚಿತ್ರಕಲಾ ಶಾಲೆ ಇದೆ, ಸುಮ್ನೆ ನೋಡಿ ಬನ್ನಿ ಅಂದರು. ಶಾಲೆಯೂ ಅಲ್ಲ, ಸುಮ್ನೆಯೂ ಅಲ್ಲ. ಒಂದು ಗಂಟೆ ಆದ ಮೇಲೆ 4,000 ರೂಪಾಯಿಯ ಒಂಟೆ ಚಿತ್ರದ ಜೊತೆ ಹೊರಗೆ ಬಂದೆವು. ಮನೆಗೆ ಬಂದು ನೋಡಿದರೆ ಅಚ್ಚು ಹೊಡೆದ ಚಿತ್ರಕ್ಕೆ ಮೇಲೆ ಬಣ್ಣ ತೀಡಿದ್ದು! ತಗೊಳ್ಳುವುದಾದರೆ ಎದುರಿಗೆ ಕೂತು ಬರೆಯುವವರ ಹತ್ತಿರವೇ ತಗೊಳ್ಳಿ. ನಿಜವಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅಳಿಲಿನ ಕೂದಲಿನ ಕುಂಚ ಅಂತ ತೋರಿಸುತ್ತಾರೆ. ಅಂಥ ಒಬ್ಬ ಹುಡುಗ ನನ್ನ ಹೆಂಡತಿಯ ಹೆಬ್ಬೆರಳಿನ ಉಗುರಿನ ಮೇಲೆ, ಆ ಅಷ್ಟೇ ಜಾಗದಲ್ಲಿ, ಒಂಟೆ ಬರೆದುಕೊಟ್ಟ. ಆನೆ ಅದೃಷ್ಟಕ್ಕೆ, ಕುದುರೆ ಶಕ್ತಿಗೆ, ಒಂಟೆ ಪ್ರೀತಿಗೆ ಅಂತೆ. ಎರಡು ನಿಮಿಷ ಕೂಡ ಆಗಲಿಲ್ಲ. ಒಂಟೆಗೆ ಮೂಗುದಾರ ಕೂಡ ಇತ್ತು. ದುಡ್ಡು ಕೇಳಲಿಲ್ಲ, ನಾವೇ ಕೊಟ್ಟೆವು.

ರೈಲಿನಲ್ಲಿ ಹೋಗುವುದಾದರೆ ಮೈಸೂರಿನಿಂದ ಬೆಂಗಳೂರು ಮೇಲೆ ಉದಯಪುರಕ್ಕೆ ವಾರಕ್ಕೊಂದು ಹಮ್‌ಸಫರ್ ಇದೆ. ಎರಡು ರಾತ್ರಿ ರೈಲಿನಲ್ಲೇ. ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ.

ಶಿವಮೊಗ್ಗದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಕಾರು ಬೇಡ ಅಂದುಬಿಟ್ಟೆ. ರಾತ್ರಿ ಬಾಗೋರ್ ಹವೇಲಿಯಲ್ಲಿ ನೃತ್ಯ ಇದೆಯಂತೆ, ಕೂರುವ ವ್ಯವಸ್ಥೆ ಹೇಗೆ? ಕೆಳಗೆ ಕೂತರೆ ಇವಳಿಗೆ ಏಳಲು ಆಗುವುದಿಲ್ಲ.

ಧಾರವಾಡದಿಂದ

ಗಂಗೌರ್ ಘಾಟ್ ಪಕ್ಕದಲ್ಲೇ, ಏಳಕ್ಕೆ ಶುರು, ಒಂದು ಗಂಟೆ. ಮೇವಾಡದ ದಿವಾನರಾಗಿದ್ದ ಅಮರಚಂದ್ ಬಡವಾ 18ನೇ ಶತಮಾನದಲ್ಲಿ ಕಟ್ಟಿಸಿದ ಮನೆ, ಅದರ ಅಂಗಳದಲ್ಲಿ ಮಾಡುತ್ತಾರೆ. ಹೆಚ್ಚಿನವರು ಕೂರುವುದು ಹಾಸಿನ ಮೇಲೆ. ಕುರ್ಚಿ ಕೆಲವೇ ಇರುತ್ತವೆ, ಬೇಗ ಹೋಗಿ ಮಂಡಿ ತೋರಿಸಿ ಕೇಳಿ. ಕೊನೆಗೆ ಒಬ್ಬ ಹೆಂಗಸು ತಲೆ ಮೇಲೆ ಒಂದರ ಮೇಲೊಂದು ಮಡಕೆ ಏರಿಸಿಕೊಂಡು ಕುಣಿಯುತ್ತಾಳೆ. ಪ್ರತಿ ಮಡಕೆಗೂ ಅಂಗಳದಲ್ಲಿದ್ದವರೆಲ್ಲ ಉಸಿರು ಹಿಡಿಯುತ್ತಾರೆ. ಹಗಲಲ್ಲಿ ಹೋದರೆ ಒಳಗೆ ಒಂದು ದೈತ್ಯ ಪೇಟವೂ ಇದೆ. ಮೈಸೂರಿನವರು ನೋಡಿದರೋ ಇಲ್ಲವೋ?

ಮೈಸೂರಿನಿಂದ

ನೋಡಿದೆವು. ಅದನ್ನು ಸುತ್ತಿಕೊಳ್ಳಲು ನಮ್ಮ ಜಂಬೂಸವಾರಿ ಆನೆಯ ತಲೆಯೇ ಬೇಕು.

ಶಿವಮೊಗ್ಗದಿಂದ, ಅವರ ಫೋನಿನಲ್ಲಿ ಅವರ ಹೆಂಡತಿ

ಮಂಡಿ ನನ್ನದು, ಅದರ ಬಗ್ಗೆ ನಾನೇ ಹೇಳುತ್ತೇನೆ. ದಿನಾ ಮೂರು ಮಹಡಿ ಹತ್ತಿ ಬಟ್ಟೆ ಒಣಗಿಸುತ್ತೇನೆ, 32 ಮೆಟ್ಟಿಲು ದೊಡ್ಡದಲ್ಲ. ಮೈಸೂರಿನವರಿಗೆ ಒಂದು ಪ್ರಶ್ನೆ: ಉಗುರಿನ ಮೇಲಿನ ಒಂಟೆ ಎಷ್ಟು ದಿನ ಇತ್ತು?

ಮೈಸೂರಿನಿಂದ

ಮನೆಗೆ ಬಂದ ಮಾರನೇ ದಿನ ಪಾತ್ರೆ ತೊಳೆಯುವಾಗ ಹೋಯಿತು ಅಕ್ಕ. ನಿಮ್ಮದು ಎಷ್ಟು ದಿನ ಇರುತ್ತೆ ಅನ್ನೋದು ಅಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ ಅನ್ನೋದರ ಮೇಲೆ.